ಪತ್ತನಾಜೆ ಇಲ್ಲದ ಮೇಳ

ಪ್ರಶ್ನೆ: ನನಗೆ 42 ವರ್ಷ, ಊರು ಉಡುಪಿ. ಅಪ್ಪ ಇಟ್ಟಿದ್ದ ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್‌ನಿಂದ ಓದು ಶುರುವಾಯಿತು. ಕಾಲೇಜಿಗೆ ಬರುವ ಹೊತ್ತಿಗೆ ಸ್ಪೈಡರ್‌ಮ್ಯಾನ್, ಫ್ಲ್ಯಾಶ್, ಸೂಪರ್‌ಮ್ಯಾನ್ ಹುಚ್ಚು ಹಿಡಿದಿತ್ತು. ಆದರೆ ಸ್ಪೈಡರ್‌ಮ್ಯಾನ್ ಆಗುವ ಪೀಟರ್ ಪಾರ್ಕರನ ಮದುವೆಯನ್ನೇ ಅಳಿಸಿ ಹಾಕಿದರು. ಫ್ಲ್ಯಾಶ್ ಆಗಿದ್ದ ವಾಲಿ ವೆಸ್ಟ್‌ನನ್ನು ಕೊಲೆಗಾರ ಮಾಡಿದರು. ಸೂಪರ್‌ಮ್ಯಾನ್‌ನ ಪುಟ್ಟ ಮಗನನ್ನು ದಿಢೀರ್ ದೊಡ್ಡವನನ್ನಾಗಿ ಮಾಡಿದರು. ಪ್ರತಿ ಸಲವೂ ಹೊಟ್ಟೆ ಉರಿಯುತ್ತದೆ. 'ಚಿತ್ರದ ಪುಸ್ತಕಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೊಳ್ತೀರಿ' ಎಂದು ಮನೆಯಲ್ಲಿ ಕೇಳುತ್ತಾರೆ. ಪ್ರಕಾಶಕರು ಯಾಕೆ ಹೀಗೆ ಮಾಡುತ್ತಾರೆ? ನನ್ನ ಕೋಪಕ್ಕೆ ಅರ್ಥ ಇದೆಯಾ? ಅಟ್ಟದಲ್ಲಿ ಎರಡು ಪೆಟ್ಟಿಗೆ ಕಾಮಿಕ್ಸ್ ಇದೆ. ಗುಜರಿಗೆ ಹಾಕಲಾ, ಹತ್ತು ವರ್ಷದ ಮಗಳಿಗೆ ಕೊಡಲಾ?

ಉತ್ತರ: ಮೊದಲು ಮನೆಯವರ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ನಿಮ್ಮನ್ನು ಜಾಸ್ತಿ ಚುಚ್ಚಿದ್ದು ಅದೇ ಅಂತ ಕಾಣುತ್ತದೆ. ನಿಮ್ಮ ಕೋಪಕ್ಕೆ ಅರ್ಥ ಇದೆ. ಒಬ್ಬನ ಕಥೆಯನ್ನು ಇಪ್ಪತ್ತು ವರ್ಷ ಕೂತು ಕೇಳಿದ್ದೀರಿ. ಕೊನೆಗೆ ಹೇಳುವವನೇ ಎದ್ದು ನಿಂತು 'ಅದೆಲ್ಲ ನಡೆದೇ ಇಲ್ಲ' ಎಂದರೆ ಬೇಜಾರಾಗದೆ ಇರುತ್ತದಾ? ಅದು ಚಿತ್ರದ ಪುಸ್ತಕವಾದರೇನು, ಅಜ್ಜಿ ಹೇಳಿದ ಕಥೆಯಾದರೇನು.

ನನಗೆ ಆ ಏಟು ಬಿದ್ದದ್ದು 2008ರ ಮಳೆಗಾಲದಲ್ಲಿ. ಅಮೆರಿಕದಿಂದ ರಜೆಗೆ ಬಂದ ಗೆಳೆಯನೊಬ್ಬ ನಾಲ್ಕು ಸಂಚಿಕೆ ತಂದುಕೊಟ್ಟಿದ್ದ. ಹಂಪನಕಟ್ಟೆಯಲ್ಲಿ ಸುರತ್ಕಲ್ ಬಸ್ಸು ಹತ್ತಿ, ಕಿಟಕಿಯ ಟರ್ಪಾಲು ಇಳಿಸಿ, ಅರೆಗತ್ತಲಲ್ಲೇ ಓದಲು ಕೂತೆ. ಕಥೆ ನಿಮಗೆ ಗೊತ್ತೇ ಇದೆ, ಆದರೂ ಒಮ್ಮೆ ಹತ್ತಿರದಿಂದ ನೋಡೋಣ. 2006ರ ಕಥೆಯೊಂದರಲ್ಲಿ ಪೀಟರ್ ಎಲ್ಲರ ಮುಂದೆ ಮುಖವಾಡ ತೆಗೆದಿದ್ದಾನೆ. ಅದರ ಫಲವಾಗಿ ಅವನಿಗೆ ಬೀಳಬೇಕಿದ್ದ ಗುಂಡು ಅವನನ್ನು ಸಾಕಿದ ಮೇ ಅತ್ತೆಗೆ ಬಿದ್ದಿದೆ. ವೈದ್ಯರು ಕೈಚೆಲ್ಲಿದ್ದಾರೆ. ಆಗ ಮೆಫಿಸ್ಟೋ ಎಂಬ ಸೈತಾನ ಬರುತ್ತಾನೆ. 'ನಿನ್ನ ಆತ್ಮ ನನಗೆ ಬೇಡ, ನಿಮ್ಮ ಮದುವೆ ಕೊಡು, ಅತ್ತೆ ಬದುಕುತ್ತಾಳೆ' ಎನ್ನುತ್ತಾನೆ. ಪೀಟರ್‌ಗೂ ಹೆಂಡತಿ ಮೇರಿ ಜೇನ್‌ಗೂ ಮಧ್ಯರಾತ್ರಿವರೆಗೆ ಸಮಯ. ಇಬ್ಬರೂ ಒಪ್ಪುತ್ತಾರೆ. ಪುಟ ತಿರುಗಿಸಿದರೆ ಪೀಟರ್ ಅತ್ತೆಯ ಮನೆಯ ಮಂಚದಲ್ಲಿ ಒಬ್ಬನೇ ಏಳುತ್ತಿದ್ದಾನೆ. ಬ್ರಹ್ಮಚಾರಿ. ಸತ್ತು ಎಷ್ಟೋ ವರ್ಷವಾಗಿದ್ದ ಗೆಳೆಯ ಹ್ಯಾರಿ ಪಾರ್ಟಿಯಲ್ಲಿ ನಗುತ್ತಾ ನಿಂತಿದ್ದಾನೆ. 1987ರಲ್ಲಿ ಆದ ಮದುವೆ ಆಗೇ ಇಲ್ಲ.

ಬಸ್ಸಲ್ಲಿ ಆ ಪುಟವನ್ನು ಹಿಂದೆ ಮುಂದೆ ತಿರುಗಿಸುತ್ತಾ ಕೂತವನಿಗೆ ಇಳಿಯುವ ಸ್ಟಾಪ್ ದಾಟಿದ್ದು ಗೊತ್ತಾಗಲಿಲ್ಲ.

ಆ ಮದುವೆ ಸಣ್ಣ ವಿಷಯ ಆಗಿರಲಿಲ್ಲ ಎಂಬುದನ್ನು ನೆನಪಿಡಬೇಕು. 1987ರ ಜೂನ್‌ನಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ, ಬೇಸ್‌ಬಾಲ್ ಪಂದ್ಯಕ್ಕೆ ಮೊದಲು, ವೇಷ ಹಾಕಿದ ನಟರಿಂದ ಆ ಮದುವೆ ಮಾಡಿಸಿದ್ದರು. ಮದುವೆ ನಡೆಸಿಕೊಟ್ಟದ್ದು ಸ್ಪೈಡರ್‌ಮ್ಯಾನ್‌ನನ್ನು ಹುಟ್ಟಿಸಿದವರಲ್ಲಿ ಒಬ್ಬರಾದ ಸ್ವತಃ ಸ್ಟ್ಯಾನ್ ಲೀ. ಊರೆಲ್ಲ ಕರೆದು ಮಾಡಿದ ಮದುವೆ ಅದು. ಇಪ್ಪತ್ತು ವರ್ಷದ ನಂತರ ಅದೇ ಮನೆಯವರು ಬಂದು 'ಮದುವೆ ಎಲ್ಲಿ ಆಗಿತ್ತು' ಎಂದು ಕೇಳಿದ ಹಾಗಾಯಿತು.

ಆಗ ಸ್ಪೈಡರ್‌ಮ್ಯಾನ್‌ನ ಪ್ರಕಾಶಕರಾದ ಮಾರ್ವೆಲ್‌ನ ಮುಖ್ಯ ಸಂಪಾದಕರಾಗಿದ್ದವರು ಜೋ ಕ್ವೆಸಾಡಾ. ಆ ಕಥೆಗೆ ಚಿತ್ರ ಬರೆದವರೂ ಅವರೇ. ಅವರ ವಾದ ಮುಚ್ಚುಮರೆ ಇಲ್ಲದ್ದು. ಮದುವೆಯಾದ ಪೀಟರ್ ವಯಸ್ಸಾದವನ ಹಾಗೆ ಕಾಣುತ್ತಾನೆ, ಎಳೆಯ ಓದುಗರಿಗೆ ಹತ್ತಿರವಾಗುವುದಿಲ್ಲ. ವಿಚ್ಛೇದನ ಮಾಡಿಸಿದರೆ ಅಥವಾ ಹೆಂಡತಿಯನ್ನು ಸಾಯಿಸಿದರೆ ಅವನಿಗೆ ಇನ್ನೂ ವಯಸ್ಸಾಗುತ್ತದೆ. ಹಾಗಾಗಿ ಮದುವೆಯೇ ಆಗಿರಬಾರದು. ಕಥೆ ಬರೆದ ಜೆ. ಮೈಕೆಲ್ ಸ್ಟ್ರಾಝಿನ್ಸ್ಕಿ ಅವರಿಗೇ ಇದು ಒಪ್ಪಿಗೆ ಇರಲಿಲ್ಲ. ಕೊನೆಯ ಎರಡು ಸಂಚಿಕೆಗಳಿಂದ ತಮ್ಮ ಹೆಸರು ತೆಗೆಸಲು ಮುಂದಾಗಿ, ಆಮೇಲೆ ಬಿಟ್ಟರು. ಬರೆದವರಿಗೇ ಬೇಡವಾದ ಕಥೆ ಓದಿದವರಿಗೆ ಬೇಡವಾದರೆ ಅದರಲ್ಲಿ ಮಕ್ಕಳಾಟ ಏನಿದೆ?

ಆದರೆ ನನ್ನ ತಕರಾರು ಮದುವೆ ಹೋದದ್ದಕ್ಕಿಂತ ದೊಡ್ಡದು. 1966ರ ಒಂದು ಹಳೆಯ ಸಂಚಿಕೆ ಇದೆ, ಅಮೇಜಿಂಗ್ ಸ್ಪೈಡರ್‌ಮ್ಯಾನ್ 33. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಇಬ್ಬರ ಕೈಯಿಂದ ಬಂದದ್ದು. ಅಲ್ಲೂ ಮೇ ಅತ್ತೆ ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಳೆ. ಅವಳನ್ನು ಉಳಿಸುವ ಔಷಧಿಯ ಡಬ್ಬ ಪೀಟರನ ಕಣ್ಣೆದುರೇ, ಕೈಗೆಟುಕದಷ್ಟು ದೂರದಲ್ಲಿ ಬಿದ್ದಿದೆ. ಅವನ ಬೆನ್ನ ಮೇಲೆ ಟನ್‌ಗಟ್ಟಲೆ ಭಾರದ ಯಂತ್ರ. ಮಾಡಿನಿಂದ ನೀರು ತೊಟ್ಟಿಕ್ಕುತ್ತಿದೆ. ಡಿಟ್ಕೊ ಚೌಕಟ್ಟುಗಳನ್ನು ಒಂದೊಂದಾಗಿ ದೊಡ್ಡದು ಮಾಡುತ್ತಾ ಹೋಗುತ್ತಾರೆ. ಹುಡುಗ ಬೆರಳಷ್ಟು ಎತ್ತುತ್ತಾನೆ, ಕುಸಿಯುತ್ತಾನೆ, ಮತ್ತೆ ಎತ್ತುತ್ತಾನೆ. ಕೊನೆಗೆ ಇಡೀ ಪುಟದಲ್ಲಿ ಅವನು ಎದ್ದು ನಿಂತಿದ್ದಾನೆ, ಯಂತ್ರ ಆಚೆ ಉರುಳುತ್ತಿದೆ. ಅದೇ ಅತ್ತೆ, ಅದೇ ಹುಡುಗ. 1966ರಲ್ಲಿ ಭಾರ ಎತ್ತಿದವನು 2007ರಲ್ಲಿ ಸೈತಾನನ ಹತ್ತಿರ ಚೌಕಾಸಿಗೆ ಕೂತ. ಪಾತ್ರ ಕೆಟ್ಟದ್ದು ಅಲ್ಲಿ. ಮದುವೆ ಉಳಿಸಿಕೊಂಡೂ ಇಂಥ ಕಥೆ ಬರೆದಿದ್ದರೆ ಅದು ತಪ್ಪೇ ಆಗುತ್ತಿತ್ತು.

ಇನ್ನೊಂದು ವಿಷಯ. ಪೀಟರ್ ಯಾವತ್ತೂ ಎಳೆಯನಾಗಿಯೇ ಇರಬೇಕು ಎಂಬುದು ಮೂಲದಲ್ಲಿ ಇರಲೇ ಇಲ್ಲ. ಅವನು ಹುಟ್ಟಿದ್ದು 1962ರಲ್ಲಿ. 1965ಕ್ಕೆಲ್ಲ ಹೈಸ್ಕೂಲು ಮುಗಿಸಿ ಕಾಲೇಜು ಸೇರಿದ. ಅಂದರೆ ಓದುಗರು ಮೂರು ವರ್ಷ ದೊಡ್ಡವರಾದಾಗ ಅವನೂ ಹೆಚ್ಚುಕಡಿಮೆ ಅಷ್ಟೇ ದೊಡ್ಡವನಾದ. ಆ ಕಾಲದ ಓದುಗರನ್ನು ಹಿಡಿದದ್ದೇ ಅದು. ಬೆಳೆಯುವುದು ಅವನ ಗುಣ. ಅದನ್ನು ನಿಲ್ಲಿಸಿದವರು ಆಮೇಲೆ ಬಂದವರು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಯಾಕೆ ಹೀಗೆ ಮಾಡುತ್ತಾರೆ?

ನಮ್ಮೂರಿನ ಒಂದು ಮಾತಿನಿಂದಲೇ ಹೇಳಿದರೆ ಬೇಗ ಅರ್ಥವಾಗುತ್ತದೆ. ಯಕ್ಷಗಾನದ ಮೇಳಗಳಿಗೆ ಪತ್ತನಾಜೆ ಇದೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ವಾರದಲ್ಲಿ ಬರುತ್ತದೆ. ಅಂದಿಗೆ ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತಾರೆ. ಮಳೆಗಾಲ ಕಳೆದ ಮೇಲೆ ಮತ್ತೆ ಗೆಜ್ಜೆ ಕಟ್ಟುತ್ತಾರೆ. ವರ್ಷಕ್ಕೊಂದು ಪತ್ತನಾಜೆ ಹೇಗೋ, ಪ್ರತಿ ಆಟಕ್ಕೂ ಒಂದು ಮಂಗಳ ಇದೆ. ಪ್ರಸಂಗ ಮುಗಿಯುತ್ತದೆ, ಭಾಗವತರು ಮಂಗಳ ಹಾಡುತ್ತಾರೆ, ನಾವು ಎದ್ದು ಚಾಪೆ ಮಡಚುತ್ತೇವೆ. ಅಮೆರಿಕದ ದೊಡ್ಡ ಸೂಪರ್‌ಹೀರೋ ಕಥೆಗಳಿಗೆ ಪತ್ತನಾಜೆಯೂ ಇಲ್ಲ, ಮಂಗಳವೂ ಇಲ್ಲ. ಸೂಪರ್‌ಮ್ಯಾನ್ ಆಟ 1938ರಲ್ಲಿ ಶುರುವಾಗಿದ್ದು, ಇನ್ನೂ ನಡೆಯುತ್ತಿದೆ. ಬ್ಯಾಟ್‌ಮ್ಯಾನ್ ಆಟ 1939ರಿಂದ. ಭಾಗವತರು ಬದಲಾಗಿದ್ದಾರೆ, ವೇಷಧಾರಿಗಳು ಬದಲಾಗಿದ್ದಾರೆ, ಪ್ರೇಕ್ಷಕರ ಎಷ್ಟೋ ತಲೆಮಾರು ಬಂದುಹೋಗಿದೆ. ರಂಗಸ್ಥಳ ಮಾತ್ರ ಖಾಲಿ ಬಿಡುವ ಹಾಗಿಲ್ಲ.

ಕಟೀಲಿನ ಮೇಳಗಳ ದೇವಿಮಹಾತ್ಮೆಯನ್ನು ನೋಡಿ. ಮಹಿಷಾಸುರ ಪ್ರೇಕ್ಷಕರ ಹಿಂದಿನಿಂದ ಬರುತ್ತಾನೆ. ದೊಂದಿಯ ಬೆಂಕಿ, ಕೊಂಬಿನ ಕಿರೀಟ, ಚೆಂಡೆಯ ಪೆಟ್ಟು, ನಿದ್ದೆಗಣ್ಣಿನ ಮಕ್ಕಳೆಲ್ಲ ಎದ್ದು ನಿಲ್ಲುತ್ತಾರೆ. ಆಮೇಲೆ ದೇವಿಯ ಕೈಯಲ್ಲಿ ಸಾಯುತ್ತಾನೆ. ಮರುದಿನ ಇನ್ನೊಂದು ಊರಿನ ಹರಕೆ ಆಟದಲ್ಲಿ ಮತ್ತೆ ಬರುತ್ತಾನೆ, ಮತ್ತೆ ಸಾಯುತ್ತಾನೆ. ಯಾರಾದರೂ 'ನಿನ್ನೆ ಸತ್ತವನು ಇವತ್ತು ಹೇಗೆ ಬಂದ, ನಮಗೆ ಮೋಸ' ಎಂದದ್ದುಂಟಾ? ಇಲ್ಲ. ಯಾಕೆಂದರೆ ನಿನ್ನೆಯ ಆಟ ನಿನ್ನೆಗೆ ಪೂರ್ತಿಯಾಗಿದೆ. ಇವತ್ತಿನದು ಮೊದಲಿನಿಂದ ಶುರು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ 'ಇದು ಮುಂದುವರಿದ ಭಾಗ' ಎಂದು ಯಾರೂ ಹೇಳಿಲ್ಲ.

ಕಾಮಿಕ್ಸ್‌ನವರು ಹೇಳುವುದು ಅದನ್ನೇ. 'ಎಲ್ಲವೂ ಒಂದೇ ಕಥೆ, ಎಲ್ಲವೂ ಲೆಕ್ಕಕ್ಕೆ, ಮುಂದಿನ ತಿಂಗಳು ತಪ್ಪಿಸಬೇಡಿ' ಎನ್ನುತ್ತಾರೆ. ನಾವು ನಂಬಿ ಪೋಣಿಸುತ್ತೇವೆ. ತಮಗೆ ಬೇಕಾದಾಗ ಅವರೇ ದಾರ ಕಡಿಯುತ್ತಾರೆ. ಮಹಿಷಾಸುರನ ಹಾಗೆ ದಿನಾ ಸತ್ತು ದಿನಾ ಬರುವ ಪಾತ್ರವನ್ನು 1992ರಲ್ಲಿ 'ಈ ಸಲ ನಿಜವಾಗಿಯೂ ಸತ್ತ' ಎಂದು ಮಾರಿದರು. ಸೂಪರ್‌ಮ್ಯಾನ್ ಸತ್ತ ಆ ಸಂಚಿಕೆಯನ್ನು ಕಪ್ಪು ಚೀಲದಲ್ಲಿ ಮುಚ್ಚಿ ಮಾರಿದ್ದರು. ಲಕ್ಷಗಟ್ಟಲೆ ಜನ ಮುಂದೆ ಬೆಲೆ ಬಂದೀತು ಎಂದು ಎರಡೆರಡು ಕೊಂಡರು. 1993ರಲ್ಲೇ ಅವನು ಎದ್ದು ಬಂದ. ಆ ಪ್ರತಿಗಳಿಗೂ ಅಂಥ ಬೆಲೆ ಬರಲಿಲ್ಲ, ಎಲ್ಲರ ಮನೆಯಲ್ಲೂ ಇತ್ತಲ್ಲ.

ಇದರ ಹಿಂದೆ ದುಡ್ಡಿನ ಲೆಕ್ಕ ಇದೆ, ಅದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್ ಹಕ್ಕನ್ನು ಮಾರಿದ್ದು 130 ಡಾಲರಿಗೆ. ಅಂದಿನಿಂದ ಪಾತ್ರ ಕಂಪನಿಯ ಸ್ವತ್ತು. ಬರೆಯುವವರು ಕೂಲಿಗೆ ಬಂದವರು. ಬ್ಯಾಟ್‌ಮ್ಯಾನ್‌ನ ಅರ್ಧ ಕಲ್ಪನೆ ಬಿಲ್ ಫಿಂಗರ್ ಅವರದು, ಆದರೂ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ, ಅವರು ತೀರಿಕೊಂಡು ನಲವತ್ತು ವರ್ಷ ಕಳೆದ ಮೇಲೆ. ಹುಟ್ಟಿಸಿದವರಿಗೇ ಹಕ್ಕಿಲ್ಲದ ಕಡೆ ಮುಗಿಸುವ ಹಕ್ಕು ಯಾರಿಗಿರುತ್ತದೆ? ಯಾರಿಗೂ ಇಲ್ಲ. ಪಾತ್ರ ಬನಿಯನ್ ಮೇಲೆ, ಶಾಲೆಯ ಬ್ಯಾಗಿನ ಮೇಲೆ, ಸಿನಿಮಾದಲ್ಲಿ ಒಂದೇ ಮುಖದಲ್ಲಿ ಇರಬೇಕು. ಡಿಸ್ನಿ 2009ರಲ್ಲಿ ಮಾರ್ವೆಲ್ ಕೊಳ್ಳುತ್ತೇವೆ ಎಂದು ಹೇಳಿದ ಬೆಲೆ ಸುಮಾರು 400 ಕೋಟಿ ಡಾಲರ್. ಅಷ್ಟು ಬೆಲೆ ತಿಂಗಳ ಪುಸ್ತಕಕ್ಕಲ್ಲ, ಆ ಮುಖಗಳಿಗೆ.

ಇನ್ನು ಅಂಗಡಿಯ ಲೆಕ್ಕ. ಅಮೆರಿಕದಲ್ಲಿ 1980ರ ದಶಕದಿಂದ ತಿಂಗಳ ಕಾಮಿಕ್ಸ್ ಹೆಚ್ಚಾಗಿ ಅದಕ್ಕೆಂದೇ ಇರುವ ಅಂಗಡಿಗಳಲ್ಲಿ ಮಾರಾಟವಾಗುತ್ತಾ ಬಂದಿದೆ. ಅಂಗಡಿಯವನು ಎರಡು ಮೂರು ತಿಂಗಳು ಮೊದಲೇ ಎಷ್ಟು ಪ್ರತಿ ಬೇಕೆಂದು ಹೇಳಬೇಕು. ಮಾರಿ ಹೋಗದ್ದನ್ನು ಸಾಮಾನ್ಯವಾಗಿ ವಾಪಸ್ ಕೊಡುವ ಹಾಗಿಲ್ಲ. ಹಾಗಾಗಿ ಅವನಿಗೆ ಗೊತ್ತಿರುವ ಹೆಸರೇ ಬೇಕು. ಹೊಸ ಪಾತ್ರ ತಂದರೆ ಧೈರ್ಯ ಮಾಡುವುದಿಲ್ಲ. ಮುಖಪುಟದಲ್ಲಿ 'ಸಂಚಿಕೆ 1' ಎಂದಿದ್ದರೆ ಮಾತ್ರ ಜಾಸ್ತಿ ತರಿಸುತ್ತಾನೆ. ಅಮೇಜಿಂಗ್ ಸ್ಪೈಡರ್‌ಮ್ಯಾನ್ 1999, 2014, 2015, 2018, 2022, 2025ರಲ್ಲಿ ಹೀಗೆ ಮತ್ತೆ ಮತ್ತೆ ಒಂದರಿಂದ ಶುರುವಾಗಿದೆ. ಪ್ರತಿ ಸಲ ಶುರು ಮಾಡುವಾಗ ಏನಾದರೂ ದೊಡ್ಡದು ಆಗಬೇಕು. ಸಾವು, ಮರುಹುಟ್ಟು, ದ್ರೋಹ. ಆಮೇಲೆ ಎಲ್ಲವೂ ಮೊದಲಿನ ಜಾಗಕ್ಕೆ ಬರಬೇಕು. ಬದಲಾವಣೆ ಬೇಡ, ಬದಲಾದ ಹಾಗೆ ಕಂಡರೆ ಸಾಕು ಎಂಬುದು ಆ ವಲಯದಲ್ಲಿ ಹಳೆಯ ಮಾತು.

ನೀವು ವಾಲಿ ವೆಸ್ಟ್‌ನ ಹೆಸರು ಬರೆದಿದ್ದೀರಿ. ನನ್ನ ಮಟ್ಟಿಗೆ ಇದು ಸ್ಪೈಡರ್‌ಮ್ಯಾನ್ ಕಥೆಗಿಂತ ದೊಡ್ಡ ಗಾಯ. ಯಾಕೆಂದರೆ ಇಲ್ಲಿ ಕಂಪನಿ ಒಮ್ಮೆ ಸರಿಯಾದದ್ದನ್ನೇ ಮಾಡಿತ್ತು. 1959ರಲ್ಲಿ ಅವನು ಫ್ಲ್ಯಾಶ್‌ನ ಅಭಿಮಾನಿಯಾಗಿದ್ದ ಒಬ್ಬ ಹುಡುಗ. ಸಿಡಿಲು ಬಡಿದು ಕಿಡ್ ಫ್ಲ್ಯಾಶ್ ಆದ. 1985ರಲ್ಲಿ ಗುರು ಬ್ಯಾರಿ ಆಲನ್ ಲೋಕ ಉಳಿಸಲು ಸತ್ತ. ಶಿಷ್ಯ ಆ ಕೆಂಪು ಅಂಗಿ ತೊಟ್ಟ. ಮೊದಮೊದಲು ಅವನಿಗೆ ಅದು ದೊಗಲೆ. ಸಿಟ್ಟು, ಅಹಂಕಾರ, ದುಡ್ಡಿನಾಸೆ ಎಲ್ಲ ಇತ್ತು. ನಿಧಾನವಾಗಿ ಬೆಳೆದ. ಲಿಂಡಾಳನ್ನು ಮದುವೆಯಾದ, ಅವಳಿ ಮಕ್ಕಳಾದರು. ಬ್ಯಾರಿಯ ಸಾವಿಗೆ ಬೆಲೆ ಬಂದದ್ದೇ ಇವನು ಬೆಳೆದದ್ದರಿಂದ. ಚೌಕಿಯಲ್ಲಿ ಬಣ್ಣ ಅರೆಯುತ್ತಿದ್ದ ಹುಡುಗ ಮುಂದೆ ರಾಜವೇಷ ಕಟ್ಟುವುದನ್ನು ನೋಡಿದವರಿಗೆ ಈ ಖುಷಿ ಏನೆಂದು ಗೊತ್ತು.

ಆಮೇಲೆ 2008ರಲ್ಲಿ ಬ್ಯಾರಿಯನ್ನು ವಾಪಸ್ ತಂದರು. 2011ರಲ್ಲಿ ಫ್ಲ್ಯಾಶ್, ಸೂಪರ್‌ಮ್ಯಾನ್‌ಗಳ ಪ್ರಕಾಶಕರಾದ ಡಿಸಿ ತನ್ನ ಇಡೀ ಲೋಕವನ್ನು ಅಳಿಸಿ 52 ಹೊಸ ಪುಸ್ತಕ ಶುರು ಮಾಡಿದಾಗ ವೆಸ್ಟ್ ಕಾಣೆಯಾದ. ಅವನು, ಅವನ ಮಕ್ಕಳು, ಮದುವೆ, ಒಂದೂ ಇಲ್ಲ. ಐದು ವರ್ಷ ಓದುಗರು ಕೇಳುತ್ತಲೇ ಇದ್ದರು. 2016ರಲ್ಲಿ ಜೆಫ್ ಜಾನ್ಸ್ ಒಂದು ಸಂಚಿಕೆ ಬರೆದರು. ವೆಸ್ಟ್ ಕಾಲದ ಆಚೆ ಸಿಕ್ಕಿಬಿದ್ದಿದ್ದಾನೆ, ಕರಗಿ ಹೋಗುತ್ತಿದ್ದಾನೆ. ಯಾರಾದರೊಬ್ಬರು ಅವನನ್ನು ನೆನಪಿಸಿಕೊಂಡರೆ ಮಾತ್ರ ಬದುಕುತ್ತಾನೆ. ಲಿಂಡಾಳ ಮುಂದೆ ನಿಲ್ಲುತ್ತಾನೆ, ಅವಳಿಗೆ ಗುರುತು ಸಿಗುವುದಿಲ್ಲ. ಕೊನೆಗೆ ಬ್ಯಾರಿಯ ಹತ್ತಿರ ಹೋಗುತ್ತಾನೆ, ಉಳಿಸು ಎನ್ನಲೂ ಅಲ್ಲ, ಎಲ್ಲದಕ್ಕೂ ಕೃತಜ್ಞತೆ ಹೇಳಿ ಹೊರಡಲು. ಆ ಕ್ಷಣದಲ್ಲಿ ಬ್ಯಾರಿಗೆ ಹೆಸರು ನೆನಪಾಗುತ್ತದೆ. ಕೈ ಹಿಡಿದು ಎಳೆಯುತ್ತಾನೆ. ಇಬ್ಬರೂ ತಬ್ಬಿಕೊಂಡು ಅಳುತ್ತಾರೆ. ಅದನ್ನು ಓದಿ ನಾನೂ ಅತ್ತಿದ್ದೇನೆ. ನೆನಪಿಟ್ಟುಕೊಂಡವರಿಂದಲೇ ಅವನು ಬದುಕಿದ ಎಂದು ಕಂಪನಿಯೇ ಒಪ್ಪಿಕೊಂಡ ಹಾಗಿತ್ತು.

ಎರಡು ವರ್ಷ ಕಳೆಯಿತು. 2018ರಲ್ಲಿ ಶುರುವಾದ ಇನ್ನೊಂದು ಕಥೆಯಲ್ಲಿ, ಮಾನಸಿಕವಾಗಿ ನೊಂದ ವೀರರು ಚಿಕಿತ್ಸೆಗೆ ಹೋಗುವ ಕೇಂದ್ರದಲ್ಲಿ ಕೊಲೆಗಳಾಗುತ್ತವೆ. ಕಾರಣ ವೆಸ್ಟ್ ಎಂದು ತೋರಿಸಿದರು. ಶಕ್ತಿ ಕೈತಪ್ಪಿ ಸಾವಾಯಿತು ಎಂಬುದೊಂದು. ಆಮೇಲೆ ಅದನ್ನು ಬೇರೆಯವರ ತಲೆಗೆ ಕಟ್ಟಲು ನೋಡಿದ ಎಂಬುದು ಇನ್ನೊಂದು. ಮಕ್ಕಳನ್ನು ಕಳೆದುಕೊಂಡು ನೊಂದ ಒಬ್ಬನನ್ನು ಇಟ್ಟುಕೊಂಡು ಒಳ್ಳೆಯ ಕಥೆ ಬರೆಯಬಹುದಿತ್ತು. ಅವನನ್ನು ನೆನಪಿಟ್ಟುಕೊಂಡು ವಾಪಸ್ ಕರೆಸಿದ ಓದುಗರಿಗೆ ಹೀಗೆ ಮಾಡಬಾರದಿತ್ತು. 2021ರಿಂದ ಜೆರೆಮಿ ಆಡಮ್ಸ್ ಫ್ಲ್ಯಾಶ್ ಬರೆಯುತ್ತಾ ಆ ಕಳಂಕ ತೊಳೆದು, ಹೆಂಡತಿ ಮಕ್ಕಳ ಜೊತೆ ಅವನನ್ನು ಮತ್ತೆ ನಿಲ್ಲಿಸಿದರು. ನೀವು ಕೋಪದಲ್ಲಿ ಅದನ್ನು ಓದದೆ ಬಿಟ್ಟಿದ್ದರೆ ದಯವಿಟ್ಟು ಓದಿ.

ಸೂಪರ್‌ಮ್ಯಾನ್ ಮಗ ಜಾನ್‌ನ ಬಗ್ಗೆ ಒಂದೇ ಮಾತು. ಹತ್ತು ವರ್ಷದ ಹುಡುಗ ಅಜ್ಜನ ಜೊತೆ ಬಾಹ್ಯಾಕಾಶಕ್ಕೆ ಹೋಗಿ, ಅಪ್ಪ ಅಮ್ಮನ ಲೆಕ್ಕದಲ್ಲಿ ಕೆಲವೇ ವಾರದಲ್ಲಿ ಹದಿನೇಳರವನಾಗಿ ಬಂದ. ನಿಮ್ಮ ಮಗಳಿಗೂ ಹತ್ತು ವರ್ಷ. ಆ ನಡುವಿನ ಏಳು ವರ್ಷ ಯಾರಾದರೂ ಕಿತ್ತುಕೊಂಡರೆ ಹೇಗಿರುತ್ತದೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ, ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ಅಭಿಮಾನಿಗಳ ಕೋಪ ಎಲ್ಲ ಸಲವೂ ನ್ಯಾಯದ್ದಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ಎರಡನೇ ರಾಬಿನ್, ಜೇಸನ್ ಟಾಡ್, ಬದುಕಬೇಕಾ ಸಾಯಬೇಕಾ ಎಂದು ಫೋನಿನಲ್ಲಿ ಮತ ಕೇಳಿದರು. ಸಾಯಲಿ ಎಂದವರು 5,343. ಬದುಕಲಿ ಎಂದವರು 5,271. ಬರೀ 72 ಮತದಲ್ಲಿ ಒಬ್ಬ ಹುಡುಗನನ್ನು ಕೊಂದೆವು. ಕೊಲ್ಲಿಸಿದ ದುಡ್ಡನ್ನೂ ನಾವೇ ಕೊಟ್ಟೆವು, ಪ್ರತಿ ಕರೆಗೆ 50 ಸೆಂಟ್. 1994ರಲ್ಲಿ ಗ್ರೀನ್ ಲ್ಯಾಂಟರ್ನ್ ಹಾಲ್ ಜೋರ್ಡನ್‌ನನ್ನು ಖಳನಾಯಕ ಮಾಡಿದಾಗ ಅಭಿಮಾನಿಗಳು ಸಂಘ ಕಟ್ಟಿ ಹೋರಾಡಿದರು, ಅದು ಸರಿ. ಆದರೆ ಅವನ ಜಾಗಕ್ಕೆ ಬಂದ ಕೈಲ್ ರೇನರ್ ಎಂಬ ಹುಡುಗನನ್ನು ದ್ವೇಷಿಸಿದ್ದು ಸರಿಯಲ್ಲ. ಅವನೇನು ತಪ್ಪು ಮಾಡಿದ್ದ?

ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ದಾಟಿಸುವುದು ಬೇರೆ, ಅಳಿಸುವುದು ಬೇರೆ. 2011ರಲ್ಲಿ ಮೈಲ್ಸ್ ಮೊರಾಲೆಸ್ ಸ್ಪೈಡರ್‌ಮ್ಯಾನ್ ಆದಾಗ, 2014ರಲ್ಲಿ ಸ್ಯಾಮ್ ವಿಲ್ಸನ್ ಕ್ಯಾಪ್ಟನ್ ಅಮೆರಿಕ ಆದಾಗ, 'ನಮ್ಮವನನ್ನು ಕೆಡಿಸಿದರು' ಎಂದು ಕೂಗಿದವರು ಬಹಳ. ಅದು ಕೆಡಿಸುವುದಲ್ಲ. ವೇಷ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದನ್ನು ಕರಾವಳಿಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಶೇಣಿ ಗೋಪಾಲಕೃಷ್ಣ ಭಟ್ಟರ ರಾಮಾಯಣದ ವಾಲಿಯನ್ನು ಕೇಳಿದವರು ಇವತ್ತಿಗೂ ಹೇಳಿಕೊಂಡು ಸುಖ ಪಡುತ್ತಾರೆ. ಅವರ ನಂತರವೂ ತಾಳಮದ್ದಲೆಗಳಲ್ಲಿ ವಾಲಿಯ ಅರ್ಥ ಹೇಳುವವರಿದ್ದಾರೆ. ಹೊಸಬರು ಬಂದದ್ದರಿಂದ ಶೇಣಿಯವರ ವಾಲಿ ಇಲ್ಲವಾಗಲಿಲ್ಲ. ಮತ್ತೆ, ಯಾರೇ ಅರ್ಥ ಹೇಳಲಿ, ವಾಲಿಗೆ ಬಾಣ ತಾಗಿಯೇ ತಾಗುತ್ತದೆ. ಬಿದ್ದ ಮೇಲೆ ರಾಮನನ್ನು ಗಂಟೆಗಟ್ಟಲೆ ಪ್ರಶ್ನೆ ಮಾಡಬಹುದು, ಬಾಣವನ್ನು ಇಲ್ಲವಾಗಿಸುವ ಹಾಗಿಲ್ಲ. ಅರ್ಥಧಾರಿಯ ಜಾಣತನ ಹೊರಬರುವುದೇ ಆ ಕಟ್ಟುಪಾಡಿನಿಂದ.

ಕಾಮಿಕ್ಸ್‌ನಲ್ಲೂ ಇದನ್ನು ಮಾಡಿ ತೋರಿಸಿದವನು ಒಬ್ಬನಿದ್ದಾನೆ, ನಿಮ್ಮ ಅಪ್ಪನ ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಅವನನ್ನು ಹುಟ್ಟಿಸುವಾಗಲೇ ದಾಟಿಸುವುದನ್ನು ಕಥೆಯೊಳಗೆ ಇಟ್ಟರು. ಈಗಿರುವವನು 21ನೆಯವನು. ಅಪ್ಪ ಸತ್ತರೆ ಮಗ ಆ ಅಂಗಿ ತೊಡುತ್ತಾನೆ. ಕಾಡಿನ ಜನ ಅವನಿಗೆ ಸಾವಿಲ್ಲ ಎಂದುಕೊಳ್ಳುತ್ತಾರೆ, ಓದುವ ನಮಗೆ ಸತ್ಯ ಗೊತ್ತಿರುತ್ತದೆ. 1977ರಲ್ಲಿ ಡಯಾನಾಳ ಜೊತೆ ಮದುವೆ ಮಾಡಿಸಿದರು, ಆಮೇಲೆ ಅವಳಿ ಮಕ್ಕಳು ಕಿಟ್ ಮತ್ತು ಹೆಲೊಯಿಸ್. ಯಾವ ಸೈತಾನನೂ ಬಂದು ಆ ಮದುವೆ ಕೇಳಲಿಲ್ಲ. ಮದುವೆಯಾದ ಮೇಲೂ, ಮಕ್ಕಳಾದ ಮೇಲೂ ನಮ್ಮ ಊರುಗಳಲ್ಲಿ ಇಂದ್ರಜಾಲದ ಫ್ಯಾಂಟಮ್‌ಗೆ ಮಕ್ಕಳು ಸಾಲು ನಿಂತೇ ಇದ್ದರು. ಹೆಂಡತಿ ಮಕ್ಕಳಿದ್ದರೆ ಎಳೆಯರು ಓದುವುದಿಲ್ಲ ಎಂಬ ವಾದಕ್ಕೆ ನಿಮ್ಮ ಅಪ್ಪನ ಪೆಟ್ಟಿಗೆಯೇ ಉತ್ತರ.

ಇತ್ತೀಚಿನ ಉತ್ತರವೂ ಒಂದಿದೆ. 2024ರ ಜನವರಿಯಲ್ಲಿ ಮಾರ್ವೆಲ್ ತನ್ನ ಬೇರೊಂದು ಲೋಕದಲ್ಲಿ ಹೊಸ ಅಲ್ಟಿಮೇಟ್ ಸ್ಪೈಡರ್‌ಮ್ಯಾನ್ ಶುರು ಮಾಡಿತು. ಬರೆದವರು ಜೊನಾಥನ್ ಹಿಕ್‌ಮನ್, ಚಿತ್ರ ಮಾರ್ಕೊ ಕೆಕೆಟ್ಟೊ. ಅಲ್ಲಿ ಪೀಟರ್‌ಗೆ ಮೇರಿ ಜೇನ್ ಹೆಂಡತಿ, ಇಬ್ಬರು ಮಕ್ಕಳು, ಗಡ್ಡ, ಕಚೇರಿ ಕೆಲಸ. ಮಕ್ಕಳ ಊಟ, ಶಾಲೆ, ಮನೆ ನಡುವೆ ಅವನು ಮೊದಲ ಸಲ ಆ ಶಕ್ತಿ ಪಡೆಯುತ್ತಾನೆ. ಮೊದಲ ಸಂಚಿಕೆಯನ್ನು ಮತ್ತೆ ಮತ್ತೆ ಅಚ್ಚು ಹಾಕಬೇಕಾಯಿತು. ಹದಿನಾರು ವರ್ಷದಿಂದ ಓದುಗರು ಕೇಳಿದ್ದು ಇಷ್ಟನ್ನೇ ಅಲ್ವಾ? ಕೇಳಿದವರು ಹುಚ್ಚರಾಗಿರಲಿಲ್ಲ.

ಇನ್ನು, ಮಾಡುವುದೇನು?

ಪಾತ್ರದ ಹಿಂದೆ ಹೋಗುವುದನ್ನು ಬಿಡಿ, ಬರೆದವರ ಹಿಂದೆ ಹೋಗಿ. ಒಬ್ಬ ಒಳ್ಳೆಯ ಬರಹಗಾರ ಒಂದು ಪಾತ್ರವನ್ನು ಎರಡು ಮೂರು ವರ್ಷ ಬರೆದು ಬಿಟ್ಟರೆ, ಅದನ್ನೇ ಒಂದು ಪ್ರಸಂಗ ಎಂದುಕೊಳ್ಳಿ. ಅವರ ಕೊನೆಯ ಸಂಚಿಕೆಯೇ ಮಂಗಳ. ಪ್ರಕಾಶಕರು ಹಾಡದಿದ್ದರೆ ನೀವು ಹಾಡಿಕೊಳ್ಳಿ. ತಿಂಗಳ ಬಿಡಿ ಸಂಚಿಕೆಗೆ ಕಾಯಬೇಡಿ, ಕಥೆ ಮುಗಿದು ಸಂಕಲನವಾಗಿ ಬಂದ ಮೇಲೆ ಕೊಳ್ಳಿ. ಅಷ್ಟು ಹೊತ್ತಿಗೆ ಅದು ಚೆನ್ನಾಗಿದೆಯೋ ಇಲ್ಲವೋ ಗೊತ್ತಾಗಿರುತ್ತದೆ. ಬೇಡವೆನಿಸಿದ ಕಥೆಯನ್ನು ಬೈಯುವುದಕ್ಕೆಂದೇ ಕೊಳ್ಳುವವರನ್ನು ನಾನು ಬಹಳ ನೋಡಿದ್ದೇನೆ. ಅಂಗಡಿಯ ಲೆಕ್ಕದಲ್ಲಿ ಬೈದವನದ್ದೂ ಹೊಗಳಿದವನದ್ದೂ ಒಂದೇ ದುಡ್ಡು. ಬರಹಗಾರರಿಗೆ, ಚಿತ್ರಕಾರರಿಗೆ ಬೈಗುಳದ ಪತ್ರ ಮಾತ್ರ ಬರೆಯಬೇಡಿ. ಎಷ್ಟೋ ಸಲ ನಿರ್ಧಾರ ಅವರದ್ದಾಗಿರುವುದೇ ಇಲ್ಲ, ಸ್ಟ್ರಾಝಿನ್ಸ್ಕಿ ಅವರ ಕಥೆ ನೋಡಿದಿರಲ್ಲ.

ಕಾಯುವ ತಾಳ್ಮೆ ಇದ್ದರೆ ಇನ್ನೊಂದು ದಿನ ಬರುತ್ತಿದೆ. ಅಮೆರಿಕದ ಕಾನೂನಿನಲ್ಲಿ ಆ ಕಾಲದ ಕೃತಿಗಳ ಹಕ್ಕು 95 ವರ್ಷಕ್ಕೆ ಮುಗಿಯುತ್ತದೆ. 2034ರ ಜನವರಿ 1ಕ್ಕೆ 1938ರ ಸೂಪರ್‌ಮ್ಯಾನ್ ಅಲ್ಲಿ ಎಲ್ಲರ ಸ್ವತ್ತು, ಮರುವರ್ಷ 1939ರ ಬ್ಯಾಟ್‌ಮ್ಯಾನ್. ಆಮೇಲೆ ಬಂದ ಕಥೆಗಳನ್ನು ಮುಟ್ಟುವ ಹಾಗಿಲ್ಲ, ಹೆಸರಿನ ಟ್ರೇಡ್‌ಮಾರ್ಕ್ ತೊಡಕೂ ಇರುತ್ತದೆ. ಆದರೂ ಆ ಮೊದಲ ಸೂಪರ್‌ಮ್ಯಾನ್‌ಗೆ ಯಾರು ಬೇಕಾದರೂ ಒಂದು ಮುಕ್ತಾಯ ಬರೆಯಬಹುದು. ನಿಮ್ಮ ಮಗಳಿಗೆ ಆಗ ಬರೆಯುವ ವಯಸ್ಸು ಆಗಿರುತ್ತದೆ.

ಪೆಟ್ಟಿಗೆಗಳನ್ನು ಗುಜರಿಗೆ ಹಾಕಲೇಬೇಡಿ. ಈ ಭಾನುವಾರವೇ ಅಟ್ಟದಿಂದ ಇಳಿಸಿ. ಹಂಚಿನ ಮಾಡಿನ ಕೆಳಗಿನ ಸೆಕೆ, ನಮ್ಮ ಜೂನ್ ಜುಲೈ ತಿಂಗಳ ತೇವ, ಎರಡೂ ಸೇರಿದರೆ ಕಾಗದಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಮೊದಲು ನಡುವಿನ ಸ್ಟೇಪಲ್ ಪಿನ್ ನೋಡಿ. ಕರಾವಳಿಯಲ್ಲಿ ಕಾಮಿಕ್ಸ್ ಹಾಳಾಗುವುದು ಅಲ್ಲಿಂದಲೇ, ಪಿನ್ನಿಗೆ ತುಕ್ಕು ಹಿಡಿದು ಸುತ್ತಲಿನ ಕಾಗದ ಕಂದಾಗಿ ಹರಿಯುತ್ತದೆ. ಹಾಗಾಗಿದ್ದರೆ ಪಿನ್ನನ್ನು ಹಿಂದಿನಿಂದ ನಿಧಾನವಾಗಿ ಬಿಡಿಸಿ ತೆಗೆದುಬಿಡಿ, ಬಿಳಿ ಹತ್ತಿ ನೂಲಿನಲ್ಲಿ ಹೊಲಿಯಿರಿ. ಬೂಸಲು ಬಂದದ್ದನ್ನು ಬಿಸಿಲಿಗೆ ಹಾಕಬೇಡಿ, ಬಣ್ಣ ಹೋಗುತ್ತದೆ. ಗಾಳಿಯಾಡುವ ನೆರಳಿನಲ್ಲಿ ಎರಡು ದಿನ ಬಿಡಿಸಿಡಿ, ಆಮೇಲೆ ಮೆತ್ತನೆಯ ಬ್ರಶ್ಶಿನಿಂದ ಒರೆಸಿ. ಮಗಳನ್ನು ಆ ಹೊತ್ತಿಗೆ ದೂರ ಇಡಿ, ಆ ಧೂಳು ಒಳ್ಳೆಯದಲ್ಲ. ಒಂದೊಂದನ್ನೂ ಪಾಲಿಪ್ರೊಪಿಲೀನ್ ಚೀಲದಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕಪಾಟಿನ ನಡುವಿನ ಹಲಗೆಯಲ್ಲಿ ನಿಲ್ಲಿಸಿಡಿ. ಗೋಡೆಗೆ ತಾಗಿಸಬೇಡಿ.

ಮಗಳಿಗೆ ಮೊದಲು ಅಜ್ಜನ ಫ್ಯಾಂಟಮ್ ಕೊಡಿ. ಆಮೇಲೆ ಲೀ ಮತ್ತು ಡಿಟ್ಕೊ ಅವರ ಸ್ಪೈಡರ್‌ಮ್ಯಾನ್, 1962ರ ಮೊದಲ ಕಥೆಯಿಂದ ಡಿಟ್ಕೊ ಬಿಟ್ಟು ಹೋದ 38ನೇ ಸಂಚಿಕೆಯವರೆಗೆ. ಸಂಕಲನವಾಗಿ ಸಿಗುತ್ತದೆ. ಅದು ಒಂದು ಪೂರ್ತಿ ಪ್ರಸಂಗ. 33ಕ್ಕೆ ಬಂದಾಗ ಹತ್ತಿರ ಕೂತಿರಿ, ಆದರೆ ಏನೂ ಹೇಳಬೇಡಿ. ಯಂತ್ರದ ಅಡಿಯಲ್ಲಿ ಅವನು ಎರಡನೇ ಸಲ ಕುಸಿಯುವ ಪುಟದಲ್ಲಿ ಅವಳೇ ತಲೆ ಎತ್ತಿ 'ಅಪ್ಪಾ, ಎತ್ತುತ್ತಾನಾ?' ಎಂದು ಕೇಳುತ್ತಾಳೆ. ಪುಟ ತಿರುಗಿಸು ಎನ್ನಿ.